ಮುಯ್ಯಾಳಿನ ಇಂಗ್ಲಿಷ್

ಇಂಗ್ಲಿಷ್ ಕಷ್ಟದ ಭಾಷೆ ಅಂತ ನನಗೆ ಅದರ ಮೇಲೆ ಸಿಟ್ಟಿರಲಿಲ್ಲ. ಕಷ್ಟದ ಕೆಲಸಕ್ಕೆ ನಾನು ಎಂದೂ ಬೆನ್ನು ತೋರಿಸಿದವಳಲ್ಲ. ಎಲ್ಲಾ ಗೊತ್ತಿದೆ ಅಂತ ನಂಬಿಸಿ ಪರೀಕ್ಷೆಯ ದಿನ ಕೈಕೊಡುತ್ತಿತ್ತಲ್ಲ, ಅದಕ್ಕೆ ಸಿಟ್ಟು.

ನನ್ನ ತವರು ಸವಣೂರು. ಅಪ್ಪ ವೀಳ್ಯದೆಲೆಯ ವ್ಯಾಪಾರ ಮಾಡುತ್ತಿದ್ದರು. ಪಿಯುಸಿಗೆ ನಾನು ಹಾನಗಲ್ಲಿನ ದೊಡ್ಡವ್ವನ ಮನೆಯಲ್ಲಿದ್ದು ಓದಿದೆ. ಉಳಿದ ಎಲ್ಲ ವಿಷಯಗಳಲ್ಲಿ ಪಾಸು, ಇಂಗ್ಲಿಷಿನಲ್ಲಿ ಡುಮ್ಕಿ. ಪಾಠ ಬಾಯಿಪಾಠವಿತ್ತು, ಶಬ್ದಗಳೂ ಗೊತ್ತಿದ್ದವು. ಆದರೆ ಅಕ್ಕಪಕ್ಕದ ಅರ್ಥದ ಶಬ್ದಗಳು ಕೈಯಲ್ಲಿ ಅದಲುಬದಲಾಗುತ್ತಿದ್ದವು. ಅವ್ವನ ಮೇಲೆ ಪ್ರಬಂಧ ಬರೆ ಅಂದರೆ, ಅವ್ವ ನನಗೆ ಅಡುಗೆ 'ಲರ್ನ್' ಮಾಡಿದಳು ಅಂತ ಬರೆದಿದ್ದೆ. 'ಟೀಚ್' ಕಲಿಸುವವರದು, 'ಲರ್ನ್' ಕಲಿಯುವವರದು ಅನ್ನುವುದು ಆ ಹೊತ್ತಿಗೆ ನೆನಪಾಗಲೇ ಇಲ್ಲ. ಅದೇ ಪ್ರಬಂಧದಲ್ಲಿ, ಅವ್ವ ಓಣಿಯವರಿಗೆಲ್ಲ ಮೊಸರಿನ ಹೆಪ್ಪು ಕೊಡುತ್ತಾಳೆ ಅನ್ನಲು 'ಬಾರೋ' ಬಳಸಿದ್ದೆ. ಕೊಡುವ 'ಲೆಂಡ್' ಬಿಟ್ಟು ಇಸಿದುಕೊಳ್ಳುವ 'ಬಾರೋ' ಹಾಕಿದ್ದರಿಂದ, ಊರಿಗೆಲ್ಲ ಹೆಪ್ಪು ಹಂಚುವ ನನ್ನ ಅವ್ವ ನನ್ನ ಇಂಗ್ಲಿಷಿನಲ್ಲಿ ಬಟ್ಟಲು ಹಿಡಿದು ಮನೆಮನೆ ತಿರುಗುವ ಹೆಂಗಸಾದಳು. ಮತ್ತೆ ಕಟ್ಟಿದೆ, ಮತ್ತೆ ಡುಮ್ಕಿ. ಅಷ್ಟರಲ್ಲಿ ಗಂಡು ಗೊತ್ತಾಯಿತು, ಮದುವೆಯೂ ಆಯಿತು. ಪುಸ್ತಕಗಳನ್ನು ದೊಡ್ಡವ್ವನ ಮನೆಯ ಅಟ್ಟದ ಮೇಲೆ ಹಾಕಿ ಬಂದೆ.

ಗಂಡನ ಊರು ಹಿರೇಕೆರೂರು ತಾಲ್ಲೂಕಿನಲ್ಲಿ, ಹಂಸಭಾವಿಯಿಂದ ತುಸು ಒಳಗೆ. ಇಲ್ಲಿ ನಮ್ಮದು ಸೀಡ್ಸ್ ಪ್ಲಾಟು, ಅಂದರೆ ಬೀಜಕ್ಕಾಗಿಯೇ ಟೊಮೆಟೊ ಬೆಳೆಯುವ ತುಂಡು ಹೊಲ. ಈ ಟೊಮೆಟೊ ತಾನಾಗಿ ಕಾಯಿ ಕಟ್ಟುವಂತಿಲ್ಲ. ಮಧ್ಯಾಹ್ನದ ಮೇಲೆ ಗಿಡಗಿಡಕ್ಕೆ ಬಗ್ಗಿ, ಅರಳಲಿರುವ ಮೊಗ್ಗನ್ನು ಚಿಮಟದಿಂದ ಬಿಡಿಸಿ ಅದರೊಳಗಿನ ಗಂಡು ಭಾಗ ತೆಗೆಯಬೇಕು. ಮರುದಿನ ಮುಂಜಾನೆ, ಬಿಸಿಲೇರುವುದರೊಳಗೆ, ಬೇರೆ ಜಾತಿಯ ಗಂಡು ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಮುಟ್ಟಿಸಿದ್ದಕ್ಕೆ ಗುರುತಾಗಿ ಹೂವಿನ ಬುಡದ ಎರಡು ಹಸಿರು ಎಸಳು ಕತ್ತರಿಸಬೇಕು. ಪುಡಿ ಮುಟ್ಟದ ಮೊಗ್ಗು ಉದುರಿಹೋಗುತ್ತದೆ. ಇದಕ್ಕೆ ನಾವು ಕ್ರಾಸಿಂಗ್ ಅನ್ನುತ್ತೇವೆ. ಸಂಕ್ರಾಂತಿ ಕಳೆದ ಮೇಲೆ ಎರಡು ತಿಂಗಳು ಇದೇ ಕೆಲಸ. ಒಂದು ದಿನವೂ ತಪ್ಪುವಂತಿಲ್ಲ.

ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ ಇದು. ಅದಕ್ಕೇ ನಮ್ಮ ಓಣಿಯ ಐದು ಮನೆಗಳ ಹೆಂಗಸರು ಮುಯ್ಯಾಳು ಮಾಡುತ್ತೇವೆ. ಇಂದು ಎಲ್ಲರೂ ನಿಮ್ಮ ಪ್ಲಾಟಿಗೆ, ನಾಳೆ ಎಲ್ಲರೂ ನಮ್ಮ ಪ್ಲಾಟಿಗೆ. ಸರದಿ ಇಲ್ಲದ ದಿನ ಅವರವರ ಮನೆಯವರೇ ಹೇಗೋ ಸಾಗಿಸುತ್ತಾರೆ. ಕೂಲಿ ಇಲ್ಲ, ಬರೆದಿಡುವುದಿಲ್ಲ. ಇಂಥ ದಿನ ಬರ್ರಿ ಅಂತ ಕರೆಯುವುದೂ ಇಲ್ಲ. ಕರೆದರೆ ಅದು ಕೂಲಿ ಆಳಿನ ಲೆಕ್ಕವಾಗುತ್ತದೆ. ಬರುವವರು ತಾವೇ ನೆನಪಿಟ್ಟು ಬರುತ್ತಾರೆ.

ನಮ್ಮೂರ ಅಂಗನವಾಡಿಯ ಟೀಚರಮ್ಮ ಬೇಸಿಗೆ ಕಳೆದರೆ ನಿವೃತ್ತರಾಗುವವರಿದ್ದರು. ಸಣ್ಣ ಮಗಳನ್ನು ಕರೆತರಲು ಹೋದಾಗ ಅವರೇ ಹೇಳಿದರು.

"ಈ ಊರಾಗ ಮಕ್ಳನ್ನ ನಿನ್ನಂಗ ಹಿಡದು ಕುಂದ್ರಸಾಕಿ ಇನ್ನೊಬ್ಬಾಕಿಲ್ಲ ನೋಡವಾ. ಆದ್ರ ಪಿಯುಸಿ ಪಾಸಾಗಿರಬೇಕು. ಆಗೇದೇನು?"

ಆಗಿರಲಿಲ್ಲ. ವಯಸ್ಸಿನ ಮಿತಿಯೂ ನನ್ನ ನೆತ್ತಿಯ ಮೇಲೇ ಇತ್ತು. ಈ ಸಲ ಬರೆದು ಪಾಸಾದರೆ ಆ ಕೆಲಸಕ್ಕೆ ಅರ್ಜಿ ಹಾಕಬಹುದು, ಮುಂದಿನ ವರ್ಷ ಪಾಸಾದರೆ ಉಪಯೋಗವಿಲ್ಲ. ಮನೆಗೆ ಬರುವ ದಾರಿಯಲ್ಲೇ ನಿರ್ಧಾರ ಮಾಡಿದೆ. ಆ ಮಕ್ಕಳ ನಡುವೆ ಕೂರಬೇಕು ಅನ್ನುವ ಆಸೆ ನನಗೆ ಎಷ್ಟಿತ್ತೆಂದು ಆ ದಿನದವರೆಗೆ ನನಗೇ ಗೊತ್ತಿರಲಿಲ್ಲ.

ಮನೆಯವರು ಬೇಡ ಅನ್ನಲಿಲ್ಲ. "ಬರಿ. ಆದ್ರ ಕ್ರಾಸಿಂಗ್ ಟೈಮಿಗೆ ಪ್ಲಾಟು ಬಿಟ್ಟು ಪುಸ್ತಕ ಹಿಡಕೊಂಡು ಕುಂದರಬ್ಯಾಡ," ಅಂದರು. ಅತ್ತೆ ಮಾತ್ರ ಹಂಚಿನ ಮೇಲಿನ ರೊಟ್ಟಿ ತಿರುವುತ್ತ, "ಇಷ್ಟು ವರ್ಷ ಇಂಗ್ಲಿಷ್ ಇಲ್ಲದ ನಮ್ಮ ರೊಟ್ಟಿ ಏನ್ ಹೊತ್ತಿದ್ವಾ?" ಅಂದರು. ಹಿಟ್ಟು ನಾದುವ ನನ್ನ ಕೈಗೆ ಸ್ವಲ್ಪ ಹೆಚ್ಚು ಬಲ ಬಂತು, ಅಷ್ಟೇ.

ಕಲಿಸಲು ಸಿಕ್ಕವಳು ನನ್ನ ನಾದಿನಿ, ಮನೆಯವರ ತಂಗಿ. ಶಿಗ್ಗಾಂವಿಗೆ ಮದುವೆಯಾಗಿ ಅಲ್ಲೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್ ಆಗಿದ್ದಾಳೆ. ನನಗಿಂತ ಚಿಕ್ಕವಳು, ಬಾಯಿ ಮಾತ್ರ ನನ್ನಷ್ಟೇ ಚುರುಕು. ನಾನು ಬರೆದ ಒಂದು ಪುಟದ ಫೋಟೊ ಕಳಿಸು ಅಂದಳು. ಓದಿ ಫೋನು ಮಾಡಿದಳು.

"ವೈನಿ, ನಿಮಗ ಇಂಗ್ಲಿಷ್ ಬರ್ತೈತಿ. ಎಲ್ಲಾ ಸಾಮಾನೂ ಮನ್ಯಾಗ ಅದಾವ. ಆದ್ರ ಸಾಸಿವಿ ಡಬ್ಬ್ಯಾಗ ಜೀರಿಗಿ ಹಾಕೀರಿ, ಜೀರಿಗಿ ಡಬ್ಬ್ಯಾಗ ಸಾಸಿವಿ ಹಾಕೀರಿ. ಅಡಗಿ ಹೆಂಗ ಆಗಬೇಕು?"

"ಹಂಗಾದ್ರ ಡಬ್ಬಿ ತಿರುಗಿ ಹೊಂದಿಸೋಣು ಬಾ," ಅಂದೆ.

ಅವಳ ಶಾಲೆ ಬಿಡುವ ಹೊತ್ತಿಗೆ ನಮ್ಮ ಮೊಗ್ಗು ಬಿಡಿಸುವ ಕೆಲಸ ಅರ್ಧ ಮುಗಿದಿರುತ್ತಿತ್ತು. ಫೋನನ್ನು ಗಿಡ ಕಟ್ಟಿದ ತಂತಿಗೆ ಚೀಲದ ಸಮೇತ ನೇತುಹಾಕಿ, ಸ್ಪೀಕರ್ ಹಚ್ಚಿ ಕೆಲಸ ಮಾಡುತ್ತಿದ್ದೆ. ದಿನಕ್ಕೊಂದು ಗುಂಪು, ಎರಡೋ ಮೂರೋ ಶಬ್ದ. ಅವಳು ಅರ್ಥ ಬಿಡಿಸಿ ಹೇಳಬೇಕು, ನಾನು ನನ್ನ ಬದುಕಿನಿಂದಲೇ ಉದಾಹರಣೆ ಕೊಡಬೇಕು. ಪುಸ್ತಕದ ಉದಾಹರಣೆ ಹೇಳಿದರೆ ಒಪ್ಪುತ್ತಿರಲಿಲ್ಲ.

ಮೊದಲ ದಿನ 'ಸೀ', 'ಲುಕ್', 'ವಾಚ್'. ಮೂರಕ್ಕೂ ನಮ್ಮಲ್ಲಿ ನೋಡುವುದು ಅಂದರೆ ಸಾಕು. ನಾನು ಯೋಚಿಸಿ ಹೇಳಿದೆ: "ನಾ ಹಿತ್ತಲಕ್ಕ ಹೋದ್ರ ಅತ್ತಿ ಕಣ್ಣಿಗೆ ಬೀಳ್ತಾರ, ಅದು ಸೀ. ಅತ್ತಿ ಹೊಳ್ಳಿ ನನ್ನ ಕಡೆ ನೋಡ್ತಾರ, ಅದು ಲುಕ್. ನಾ ಫೋನಿನ್ಯಾಗ ಎಷ್ಟೊತ್ತು ಮಾತಾಡ್ತೇನಿ ಅಂತ ಕಣ್ಣು ತಗೀದ ನೋಡ್ತಾರ, ಅದು ವಾಚ್."

ಮುಂದಿನ ಸಾಲಿನಿಂದ ಅತ್ತೆಯ ದನಿ ಬಂತು: "ನನ್ನ ಹೆಸರು ಯಾಕ ಬಂತದರಾಗ?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಪಾಠ ನನ್ನೊಬ್ಬಳದಾಗಿ ಉಳಿಯಲಿಲ್ಲ. ಎಲ್ಲರಿಗಿಂತ ಮುಂದೆ ಎದುರುಮನೆಯ ಅಕ್ಕ. ನಮ್ಮ ಮುಯ್ಯಾಳಿಗೆ ಅವಳೇ ಹಿರಿಯಳು, ಅವಳ ಮಾತು ಐದೂ ಮನೆಗೆ ನಡೆಯುತ್ತದೆ. 'ರಿಫ್ಯೂಸ್' ಅಂದರೆ ಒಲ್ಲೆ ಅನ್ನುವುದು, 'ಡಿನೈ' ಅಂದರೆ ಹಾಗೆ ಆಗೇ ಇಲ್ಲ ಅನ್ನುವುದು ಅಂತ ನಾದಿನಿ ಬಿಡಿಸಿ ಹೇಳಿದ ದಿನ, ನನಗಿಂತ ಮೊದಲು ಅಕ್ಕನೇ ಉದಾಹರಣೆ ಕೊಟ್ಟಳು.

"ನಮ್ಮನಿಯವ್ರು ಎರಡೂ ಮಾಡ್ತಾರ. ನೀರು ಹಾಯಸ್ರಿ ಅಂದ್ರ ಒಲ್ಲೆ ಅಂತಾರ. ಬೀಡಿ ಸೇದೀರೇನ್ರಿ ಅಂದ್ರ ಇಲ್ಲ ಅಂತಾರ, ಬಾಯಾಗ ಹೊಗಿ ಇಟಕೊಂಡು."

"ಫುಲ್ ಮಾರ್ಕ್ಸ್ ರೀ!" ಅಂತ ನಾದಿನಿ ಫೋನಿನಲ್ಲಿ ಕೂಗಿದಳು. ಅಕ್ಕ ಎರಡು ದಿನ ಅದೇ ಹಮ್ಮಿನಲ್ಲಿದ್ದಳು. ನನ್ನ ಬಗ್ಗೆ ಕೂಡ ಅವಳಿಗೆ ಒಂದು ಥರದ ಹೆಮ್ಮೆ ಬಂದಿತ್ತು. ಹಾದಿಯಲ್ಲಿ ಯಾರು ಸಿಕ್ಕರೂ, "ನಮ್ಮ ಹುಡುಗಿ ಪರೀಕ್ಷಾ ಕಟ್ಟ್ಯಾಳ," ಅನ್ನುತ್ತಿದ್ದಳು. ಮೂವತ್ತು ದಾಟಿದ ಎರಡು ಮಕ್ಕಳ ತಾಯಿಗೆ ಹುಡುಗಿ ಅನ್ನುವವರು ಇದ್ದರೆ ಎಷ್ಟು ಹಿತ ಅಂತ ಹೇಳಬೇಕಿಲ್ಲ.

'ಹೋಪ್' ಮತ್ತು 'ಎಕ್ಸ್‌ಪೆಕ್ಟ್' ಮಾತ್ರ ನನ್ನನ್ನು ಬಹಳ ಕಾಡಿದವು. ಎರಡೂ ಒಂದೇ ಅಲ್ಲವೇ, ಆಗಲಿ ಅಂತ ಕಾಯುವುದು? ಅಲ್ಲ ಅಂದಳು ನಾದಿನಿ. ಆಗಲಿ ಅಂತ ಮನಸ್ಸು ಬಯಸಿದರೆ ಹೋಪ್, ಆಗೇ ಆಗುತ್ತದೆ ಅಂತ ಲೆಕ್ಕ ಹಿಡಿದು ಕೂತರೆ ಎಕ್ಸ್‌ಪೆಕ್ಟ್. ನಾನು ಇನ್ನೆರಡು ಗಿಡದ ಮೊಗ್ಗು ಬಿಡಿಸಿ ಹೇಳಿದೆ: "ಮಾರ್ಕೆಟ್‌ನ್ಯಾಗ ಬಾಳೆಹಣ್ಣು ಸೋವಿ ಸಿಗಲಿ ಅನ್ನೂದು ಹೋಪ್. ನಾಳೆ ಮುಂಜಾನೆ ಇವರೆಲ್ಲಾ ಪ್ಲಾಟಿಗೆ ಬರ್ತಾರ ಅನ್ನೂದು ಎಕ್ಸ್‌ಪೆಕ್ಟ್."

ಪರೀಕ್ಷೆಗೆ ಹನ್ನೆರಡು ದಿನ ಉಳಿದಾಗ ನಾದಿನಿ ಶಿಗ್ಗಾಂವಿಗೆ ಕರೆದಳು. ತನ್ನ ಮನೆಯಲ್ಲಿ ಕೂರಿಸಿ, ಗಡಿಯಾರ ಇಟ್ಟು, ಪೂರ್ತಿ ಒಂದು ಪೇಪರ್ ಬರೆಸುವುದು ಅವಳ ಹಂಚಿಕೆ. ಬಸ್ಸು ಹಾನಗಲ್ಲಿನಲ್ಲಿ ನಿಂತಾಗ ನಾನು ನನ್ನ ಹಳೆಯ ಕಾಲೇಜಿದ್ದ ಕಡೆಗೆ ತಿರುಗಿ ನೋಡಲಿಲ್ಲ, ಬೇಕೆಂದೇ. ಬಂಕಾಪುರ ದಾಟುವವರೆಗೂ ಲೆಟರ್ ಬರೆಯುವ ರೀತಿಯನ್ನು ಬಾಯಲ್ಲೇ ವಟಗುಟ್ಟುತ್ತ ಕೂತಿದ್ದೆ. ಪಕ್ಕದ ಅಜ್ಜಿ ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಸ್ವಲ್ಪ ಸರಿದು ಜಾಗ ಕೊಟ್ಟಳು.

ಪೇಪರ್ ಚೆನ್ನಾಗಿಯೇ ಬರೆದೆ. ನಾದಿನಿ ಖುಷಿಯಿಂದ ಕೆಂಪು ಗೆರೆ ಹಾಕುತ್ತ ಹೇಳಿದಳು:

"ವೈನಿ, ಇನ್ನೊಂದು ಕಲೀರಿ. ಇಂಗ್ಲಿಷಿನ್ಯಾಗ ಮಾತು ಮಾತಿಗೆ ಪ್ಲೀಸ್, ಥ್ಯಾಂಕ್ಯೂ ಬೇಕು. ನೀವು ಬರದ ಲೆಟರ್ ನೋಡಿದ್ರ ಸಾಲಾ ವಸೂಲಿಗೆ ಬಂದಂಗ ಐತಿ. ನಾಕು ಮಂದಿಗೆ ಬಾಯಿ ತುಂಬ ಥ್ಯಾಂಕ್ಯೂ ಅನ್ರಿ, ರೂಢಿ ಆಗ್ತೈತಿ."

ನನಗೆ ಅದು ನಾಟಿತು. ಇಷ್ಟು ದಿನ ನನ್ನ ಪಾಠ ಕೇಳಿ, ನಕ್ಕು, ಧೈರ್ಯ ಹೇಳಿದ ಹೆಂಗಸರಿಗೆ ನಾನು ಒಂದು ಒಳ್ಳೆಯ ಮಾತನ್ನೂ ಆಡಿರಲಿಲ್ಲ. ಶಿಗ್ಗಾಂವಿಯ ಪೇಟೆಯಲ್ಲಿ ಕುಪ್ಪಸಕ್ಕೆ ಚೆಂದ ಬಣ್ಣದ ಜಂಪರ್ ಪೀಸುಗಳನ್ನು ಆರಿಸಿಕೊಂಡು ಬಂದೆ.

ಮರುದಿನ ನಮ್ಮ ಪ್ಲಾಟಿನ ಸರದಿ. ಅತ್ತೆ ಮಾಸೂರಿನ ನೆಂಟರ ಮನೆಗೆ ಹೋಗಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಎಲ್ಲರನ್ನೂ ಬದುವಿನ ಮೇಲೆ ನಿಲ್ಲಿಸಿ, ಕುಂಕುಮ ಹಚ್ಚಿ, ಉಡಿಗೆ ಜಂಪರ್ ಪೀಸು, ಬಾಳೆಹಣ್ಣು ಹಾಕಿ, ಒಬ್ಬೊಬ್ಬರಿಗೂ "ಥ್ಯಾಂಕ್ಯೂ, ನಿಮ್ಮ ಉಪಕಾರ ಮರಿಯಂಗಿಲ್ಲ," ಅಂದೆ. ಎಲ್ಲರೂ ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರುಮನೆಯ ಅಕ್ಕ ಸೆರಗು ಸರಿಮಾಡಿಕೊಂಡು, "ಬರ್ತೇವ್ರಿ," ಅಂದಳು. ನನಗೆ ಎಂದೂ 'ರಿ' ಹಚ್ಚಿ ಮಾತಾಡಿದವಳಲ್ಲ ಆಕೆ.

ಮಾರನೆಯ ದಿನ ಸರದಿಯಂತೆ ಓಣಿಯ ಕೊನೆಯ ಮನೆಯವರ ಪ್ಲಾಟಿಗೆ ಹೋದೆ. "ನಮ್ಮಲ್ಲೆ ಆಳು ಸಾಕಷ್ಟು ಅದಾರ್ರಿ, ನೀವು ಓದ್ಕೋ ಹೋಗ್ರಿ," ಅಂದರು. ಒಳ್ಳೆಯ ಮನಸ್ಸಿನಿಂದ ಅಂದರೇನೋ ಅಂತ ಹೊರಳಿ ಬಂದೆ. ಆದರೆ ಬರುವಾಗ ಒಬ್ಬರೂ ತಲೆ ಎತ್ತಲಿಲ್ಲ.

ಮಾಸೂರಿನಿಂದ ಬಂದ ಅತ್ತೆಗೆ ಸಂಗತಿ ಹೇಳಿದೆ. ಅವರು ಕೈಯಲ್ಲಿದ್ದ ಚೀಲ ಅಲ್ಲೇ ಇಟ್ಟು ಕಟ್ಟೆಯ ಮೇಲೆ ಕೂತರು.

"ಉಡಿ ತುಂಬಿದೇನು? ಈಗ? ಅಯ್ಯ ನಿನ್ನ! ಕ್ರಾಸಿಂಗ್ ಪೂರಾ ಮುಗದು, ಮುಯ್ಯಿ ತೀರಿದ ದಿನ ಉಡಿ ತುಂಬ್ತಾರ. ನಡುವ ತುಂಬಿದ್ರ ಏನರ್ಥ? ನಿಮಗೂ ನಮಗೂ ತೀರಿತು, ಇನ್ನ ಬರಬ್ಯಾಡ್ರಿ ಅಂದಂಗ. ಪರೀಕ್ಷಾ ಬಂತು, ಟೀಚರಮ್ಮ ಆಗಾಕಿ, ಇನ್ನ ನಮ್ಮ ಕೂಡ ಮಣ್ಣಾಗ ಯಾಕ ಕುಂದರ್ತಾಳ ಅಂತ ತಿಳಕೊಂಡಾರ ಅವರು."

ಪ್ರತಿವರ್ಷ ಉಡಿ ತುಂಬುತ್ತಿದ್ದುದು ಅತ್ತೆ. ತಾಟು ಹಿಡಿದು ಅವರ ಹಿಂದೆ ನಿಲ್ಲುತ್ತಿದ್ದವಳು ನಾನು. ಅದು ಯಾವ ದಿನ, ಯಾಕೆ ಅಂತ ಎಂದೂ ಕೇಳಿರಲಿಲ್ಲ. ನಾನು ಕೈ ಜೋಡಿಸುತ್ತಿದ್ದೇನೆ ಅಂದುಕೊಂಡು ಕೈ ಕಡಿದುಕೊಂಡಿದ್ದೆ. ಪರೀಕ್ಷೆಯ ದಿನ ನಮ್ಮ ಪ್ಲಾಟಿನ ಸರದಿ ಬರುವುದಿತ್ತು. ಮುಂಜಾನೆ ನಾನು ಹಿರೇಕೆರೂರಿನ ಪರೀಕ್ಷಾ ಹಾಲ್‌ನಲ್ಲಿರುವಾಗ ಇಲ್ಲಿ ಪುಡಿ ಮುಟ್ಟಿಸುವವರು ಅವರೇ ಆಗಬೇಕಿತ್ತು. ಅವರ ಮೇಲೆ ಭಾರ ಹಾಕಿಯೇ ನಾನು ಪರೀಕ್ಷೆ ಕಟ್ಟಿದ್ದು.

ಮನೆಯವರು ಬೇರೆ ಆಳು ಹುಡುಕಲು ಹೋದರು. ಕ್ರಾಸಿಂಗ್ ದಿನಗಳಲ್ಲಿ ಆಳು ಎಲ್ಲಿಯವು? ಎಲ್ಲ ಊರಿನ ಕೈಗಳೂ ಯಾವುದೋ ಗಿಡದ ಮೇಲಿರುತ್ತವೆ. ಬರಿಗೈಯಲ್ಲಿ ಬಂದು, ನನ್ನ ಮುಖ ನೋಡದೆ ಹೇಳಿದರು: "ಮುಂದಿನ ವರ್ಷ ಬರದ್ರ ಆಗಂಗಿಲ್ಲೇನು?"

"ಆಗಂಗಿಲ್ಲ. ಈ ವರ್ಷನ ಬರಿತೇನಿ. ಪ್ಲಾಟೂ ಹಾಳಾಗಾಕ ಬಿಡಂಗಿಲ್ಲ."

ಅಷ್ಟು ಹೇಳಿ ಹೊರಬಿದ್ದೆ.

ಎದುರುಮನೆಗೆ ಹೋದೆ. ಅಕ್ಕ ಚಾಪೆ ಹಾಸಿದಳು. ನಾನು ಹೋದರೆ ಎಂದೂ ಚಾಪೆ ಹಾಸಿದವಳಲ್ಲ, ಒಲೆಯ ಮುಂದೆಯೇ ಕೂರುತ್ತಿದ್ದೆ.

"ಬರ್ರಿ, ಕುಂದರ್ರಿ. ಚಾ ಕುಡೀತೀರೇನ್ರಿ?"

"ಅಕ್ಕಾ, ನಂಗ ಗೊತ್ತಿರಲಿಲ್ಲ. ಸಾರಿ."

"ನೀವ್ಯಾಕ್ರಿ ಸಾರಿ ಅಂತೀರಿ? ಏನ್ ತಪ್ಪು ಮಾಡೀರಿ? ಚಲೋ ಪೀಸ್ ಕೊಟ್ಟೀರಿ, ಬಣ್ಣನೂ ಚಲೋ ಐತಿ."

ಅಷ್ಟು ಮರ್ಯಾದೆಯ ಮಾತಿನ ಮುಂದೆ ಏನು ಹೇಳಬೇಕು? ಬೈದಿದ್ದರೆ ನಾನೂ ಬೈದು, ಅತ್ತು, ಅಲ್ಲಿಗೇ ಮುಗಿಸಬಹುದಿತ್ತು. 'ಎಕ್ಸ್‌ಕ್ಯೂಸ್ ಮಿ' ತೊಂದರೆ ಕೊಡುವ ಮೊದಲು, 'ಸಾರಿ' ಕೊಟ್ಟ ಮೇಲೆ ಅಂತ ನಾದಿನಿ ಕಲಿಸಿದ್ದಳು. ಆ 'ಸಾರಿ'ಯೂ ಉಪಯೋಗಕ್ಕೆ ಬಾರದಿದ್ದರೆ ಏನು ಅನ್ನಬೇಕು ಅಂತ ಕಲಿಸಿರಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಆ ರಾತ್ರಿ ಪುಸ್ತಕ ತೆರೆಯಲಿಲ್ಲ. ಒಂದು ಮಾತು ಮಾತ್ರ ನನಗೆ ಖಾತ್ರಿಯಾಗಿತ್ತು. ಕೈಯಿಂದ ಕಟ್ಟಿದ ಮುಯ್ಯಿಯನ್ನು ಕೈಯಿಂದಲೇ ಮತ್ತೆ ಕಟ್ಟಬೇಕು, ಬಾಯಿಂದ ಆಗುವುದಿಲ್ಲ.

ಮರುದಿನ ಮಧ್ಯಾಹ್ನ ಚಿಮಟ ತೆಗೆದುಕೊಂಡು ನೇರ ಅಕ್ಕನ ಪ್ಲಾಟಿಗೆ ಹೋಗಿ, ಯಾರನ್ನೂ ಕೇಳದೆ, ಕೊನೆಯ ಸಾಲಿಗೆ ಬಗ್ಗಿದೆ.

"ಆಳು ಸಾಕಷ್ಟು ಅದಾರ್ರಿ," ಅಂದಳು ಅಕ್ಕ.

"ನಾ ಆಳಲ್ಲ," ಅಂದೆ. ತಲೆ ಎತ್ತಲಿಲ್ಲ.

ಆಕೆ ತನ್ನ ಸಾಲಿಗೆ ಹೊರಳಿದಳು. ನಾನು ಸಾಲು ಮುಗಿಸಿ, ಹೇಳದೆ ಬಂದೆ. ಮರುದಿನ ಮತ್ತೊಂದು ಮನೆಯ ಪ್ಲಾಟು, ಅದರ ಮರುದಿನ ಇನ್ನೊಂದು. ನಡುವೆ ನಮ್ಮ ಸರದಿಯ ದಿನ ಬಂತು, ಯಾರೂ ಬರಲಿಲ್ಲ. ಮುಂಜಾನೆ ನಮ್ಮ ಪ್ಲಾಟಿನಲ್ಲಿ ನಾನು, ಅತ್ತೆ, ಮನೆಯವರು ಮೂವರೇ ಬಿದ್ದು ಎದ್ದು ಪುಡಿ ಮುಟ್ಟಿಸುತ್ತಿದ್ದೆವು. ಮಧ್ಯಾಹ್ನ ನಾನು ಬೇರೆಯವರ ಸಾಲಿನಲ್ಲಿ. ಯಾರೂ ಮಾತಾಡಿಸುತ್ತಿರಲಿಲ್ಲ, ನಾನೂ ಮಾತಾಡಿಸುತ್ತಿರಲಿಲ್ಲ. ಫೋನು ಮನೆಯಲ್ಲೇ ಇಟ್ಟು ಹೋಗುತ್ತಿದ್ದೆ. ಅವರ ಹೊಲದಲ್ಲಿ ನನ್ನ ಪಾಠ ಹಚ್ಚುವ ಹಕ್ಕು ನನಗಿದೆ ಅನ್ನಿಸಿರಲಿಲ್ಲ. ನಾದಿನಿ ಸಿಡಿಮಿಡಿಗೊಂಡಳು.

"ವೈನಿ, ಪರೀಕ್ಷಾ ಎದುರಿಗೆ ಬಂದೈತಿ. ಈಗ ಮಂದಿ ಹೊಲದಾಗ ಏನ್ ಮಾಡಾಕತ್ತೀರಿ?"

"ಪರೀಕ್ಷಾನ ಬರಿಯಾಕತ್ತೇನಿ," ಅಂದು ಫೋನಿಟ್ಟೆ. ಅವಳಿಗೆ ಪೂರ್ತಿ ತಿಳಿಸಿ ಹೇಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಓದಿದ್ದನ್ನು ಮೊಗ್ಗು ಬಿಡಿಸುತ್ತ ಮನಸ್ಸಿನಲ್ಲೇ ಮೆಲುಕು ಹಾಕುತ್ತಿದ್ದೆ. 'ಸೆನ್ಸಿಬಲ್' ಅಂದರೆ ತಿಳಿವಳಿಕೆ ಉಳ್ಳವರು, 'ಸೆನ್ಸಿಟಿವ್' ಅಂದರೆ ಬೇಗ ನೋಯುವವರು. ಅಕ್ಕ ಎರಡೂ ಹೌದು. ನಾನು ಮಾತ್ರ ಮೊದಲನೆಯದಾಗಿರಲಿಲ್ಲ.

ಸುತ್ತು ಮುಗಿದು ಮತ್ತೆ ಅಕ್ಕನ ಪ್ಲಾಟಿಗೆ ಬಂದ ದಿನ, ಅವಳು ನನ್ನ ಕಡೆ ನೋಡದೆ ಪಕ್ಕದವಳಿಗೆ ಹೇಳಿದಳು, ನನಗೆ ಕೇಳುವಂತೆ:

"ಆ ಫೋನಿನ ಪಾಠ ಯಾಕ ನಿಂತೈತಂತ? ಬ್ಯಾಸರ ಆಗಾಕತ್ತೈತಿ."

ನಾನು ಮನೆಗೆ ಓಡಿಹೋಗಿ ಫೋನು ತಂದು ತಂತಿಗೆ ನೇತುಹಾಕಿದೆ. ಅದರ ಮೇಲೂ ಅವರು ನನ್ನೊಡನೆ ಮಾತಾಡಲಿಲ್ಲ. ಪಾಠ ಮಾತ್ರ ಕೇಳಿದರು. ಪರೀಕ್ಷೆಯ ದಿನ ಬರುತ್ತಾರೋ ಇಲ್ಲವೋ ಅಂತ ನಾನು ಕೇಳುವಂತಿರಲಿಲ್ಲ. ಕೇಳಿದ ಕ್ಷಣವೇ ಅವರು ನನ್ನ ಆಳುಗಳಾಗುತ್ತಿದ್ದರು, ಮಾಡಿದ್ದೆಲ್ಲ ನೀರುಪಾಲು.

ಪರೀಕ್ಷೆಯ ಹಿಂದಿನ ದಿನ ನಮ್ಮ ಪ್ಲಾಟಿನಲ್ಲಿ ಅತ್ತೆ ಚಿಮಟ ಹಿಡಿದು ನಿಂತು ಹೇಳಿದರು.

"ಇವತ್ತು ನಾಕ ಸಾಲು ಬಿಡಸೋಣು. ನಾಳೆ ನಾನೂ ಅವನೂ ಅಷ್ಟ ಪುಡಿ ಮುಟ್ಟಸ್ತೇವಿ. ಉಳದದ್ದು ಹೋದ್ರ ಹೋಗ್ಲಿ."

"ಎಲ್ಲಾ ಬಿಡಸೋಣು, ಅತ್ತಿ."

"ಯಾರೂ ಬರಲಿಲ್ಲ ಅಂದ್ರ? ಬಿಡಿಸಿದ್ದೆಲ್ಲಾ ಉದರಿ ಹೋಗ್ತೈತಿ."

"ಬರ್ತಾರ."

ಅತ್ತೆ ಸೆರಗು ಬಿಗಿದು ಬಗ್ಗಿದರು. ಇಂಗ್ಲಿಷ್ ಇಲ್ಲದೆ ರೊಟ್ಟಿ ಹೊತ್ತಿದವೇನು ಅಂತ ಕೇಳಿದವರೇ, ಅಂದು ನನಗಿಂತ ಎರಡು ಸಾಲು ಹೆಚ್ಚು ಬಿಡಿಸಿದರು.

ಮುಂಜಾನೆ ಬಸ್ಸಿಗೆ ಹೊರಟಾಗ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕನ ಮನೆಯ ಬಾಗಿಲು ಹಾಕಿತ್ತು. ಎಲ್ಲರೂ ತಂತಮ್ಮ ಹೊಲಕ್ಕೆ ಹೋಗಿದ್ದಾರೆ ಅಂತ ಅಂದುಕೊಂಡೆ. ಮನೆಯವರು ಬಸ್‌ಸ್ಟ್ಯಾಂಡಿನವರೆಗೆ ನನ್ನ ಚೀಲ ಹಿಡಿದು ಬಂದರು. ಬಸ್ಸು ಬಂತು, ಹತ್ತಿದೆ.

ಪರೀಕ್ಷಾ ಹಾಲ್‌ನ ಬಾಗಿಲಲ್ಲಿ ಒಬ್ಬರು ಮೇಡಂ, "ಪಾಲಕರು ಹೊರಗ ನಿಂದರ್ರಿ," ಅಂದರು. ಹಾಲ್ ಟಿಕೆಟ್ ತೋರಿಸಿದೆ. ಹುಡುಗ ಹುಡುಗಿಯರು ಹೊರಳಿ ಹೊರಳಿ ನೋಡಿದರು. ನೋಡಲಿ. ಚಿಮಟ ಹಿಡಿದು ಕಪ್ಪಿಟ್ಟ ಬೆರಳುಗಳಿಂದ ಪೆನ್ನು ತೆಗೆದೆ. ಬರೆಯುತ್ತ ಹೋದೆ. ಶಬ್ದಗಳು ತಮ್ಮ ತಮ್ಮ ಡಬ್ಬಿಯಲ್ಲಿದ್ದವು. ಒಂದೊಂದು ಶಬ್ದದ ಹಿಂದೆಯೂ ಒಬ್ಬೊಬ್ಬರ ಮುಖ ಬರುತ್ತಿತ್ತು. 'ರಿಫ್ಯೂಸ್' ಬರೆಯುವಾಗ ಬೀಡಿಯ ಹೊಗೆ, 'ವಾಚ್' ಬರೆಯುವಾಗ ಅತ್ತೆಯ ಕಣ್ಣು.

ನಡುವೆ ಒಮ್ಮೆ ಕಿಟಕಿಯಾಚೆ ನೋಡಿಬಿಟ್ಟೆ. ಬಿಸಿಲು ಅಂಗಳ ತುಂಬಿತ್ತು. ಈ ಹೊತ್ತಿಗೆ ಪುಡಿ ಮುಟ್ಟದಿದ್ದರೆ ಇನ್ನು ಮುಟ್ಟಿಸಿದರೂ ಉಪಯೋಗವಿಲ್ಲ. ಕಣ್ಣು ಮಂಜಾಯಿತು, ಅಕ್ಷರ ಕಾಣದಾಯಿತು. ಎದ್ದು ಹೋಗಿಬಿಡೋಣ ಅನ್ನಿಸಿದ್ದು ನಿಜ. ಸೆರಗಿನಿಂದ ಕಣ್ಣೊರೆಸಿಕೊಂಡು, ಉಳಿದ ಪ್ರಶ್ನೆಗಳಿಗೆ ಒಂದೂ ಬಿಡದೆ ಉತ್ತರ ಬರೆದು, ಗಂಟೆ ಬಾರಿಸಿದ ಮೇಲೆಯೇ ಎದ್ದೆ.

ಊರಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಪ್ಲಾಟಿಗೆ ಹೋದೆ. ಮೊದಲ ಗಿಡಕ್ಕೆ ಬಗ್ಗಿದೆ. ಹೂವಿನ ಬುಡದಲ್ಲಿ ಎರಡು ಎಸಳು ಕತ್ತರಿಸಿದ್ದವು. ಎರಡನೆಯ ಗಿಡ, ಮೂರನೆಯದು, ಆಚೆಯ ಸಾಲು, ಕೊನೆಯ ಸಾಲು. ಎಲ್ಲಾ ಕತ್ತರಿಸಿದ್ದವು. ಅತ್ತೆ ಬದುವಿನ ಮೇಲೆ ಕಾಲು ಚಾಚಿ ಕೂತಿದ್ದರು.

"ಯಾವಾಗ ಬಂದ್ರು, ಅತ್ತಿ?"

"ನಿನ್ನ ಬಸ್ಸು ಹೋಗ್ಲಿ ಅಂತ ಕಾಯ್ಕೊಂಡು ಕುಂತಿದ್ರಂತ, ಅಕ್ಕನ ಮನಿ ಬಾಗಲಾ ಹಾಕ್ಕೊಂಡು, ನಾಕೂ ಮನಿ ಹೆಂಗಸರು. ನಿನ್ನ ಎದುರಿಗೆ ಬಂದ್ರ ಮತ್ತೆ ಥ್ಯಾಂಕ್ಯೂ ಅಂತೀಯಂತ."

ನಾನು ಅಲ್ಲೇ ಮಣ್ಣಿನಲ್ಲಿ ಕೂತು ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಅದೇ ಸೀರೆಯಲ್ಲಿ, ಅಂದಿನ ಮೊಗ್ಗು ಬಿಡಿಸಲು ಸಾಲಿಗೆ ಬಗ್ಗಿದೆ. ಸ್ವಲ್ಪ ಹೊತ್ತಿಗೆ ಅವರೆಲ್ಲ ಬಂದರು. ನಾನು ತುಟಿ ಬಿಚ್ಚಲಿಲ್ಲ.

"ಹೆಂಗ ಬರದೀಯವಾ?" ಅಂದಳು ಅಕ್ಕ. ಆ ಮಾತಿನಲ್ಲಿ 'ರಿ' ಇರಲಿಲ್ಲ.

ಫಲಿತಾಂಶ ಬಂದಾಗ ಕ್ರಾಸಿಂಗ್ ಮುಗಿದು ಹಣ್ಣು ಬಿಡಿಸುವ ಕಾಲ. ಅಕ್ಕನ ಅಂಗಳದಲ್ಲಿ ಎಲ್ಲರೂ ಬುಟ್ಟಿ ಸುತ್ತ ಕೂತು ಟೊಮೆಟೊ ಹಿಂಡಿ ಬೀಜ ತೆಗೆಯುತ್ತಿದ್ದೆವು. ಫೋನು ಬಂತು. ನನ್ನ ಕೈ ರಸದಲ್ಲಿತ್ತು, ಅಕ್ಕನೇ ಮುಂಗೈಯಿಂದ ಒತ್ತಿ ಸ್ಪೀಕರ್ ಹಚ್ಚಿದಳು.

"ವೈನಿ... ಪಾಸ್ ರೀ! ಪಾಸಾಗೀರಿ!" ನಾದಿನಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಅಕ್ಕನೇ ಫೋನಿನ ಕಡೆ ಬಗ್ಗಿ ಹೇಳಿದಳು: "ಪಾಸಾಗದ ಏನ್ರಿ? ಎರಡ ತಿಂಗಳು ನಾವೆಲ್ಲಾ ಕೂಡಿ ಓದೇವಿ. ಬರಿಯಾಕ ಒಬ್ಬಾಕಿನ್ನ ಕಳಿಸಿದ್ವಿ, ಅಷ್ಟ."

ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿದಳು.

"ಅಂಗನವಾಡಿಗೆ ಅರ್ಜಿ ಯಾವಾಗ ಹಾಕಾಕಿ?"

"ಈ ಬುಟ್ಟಿ ಮುಗೀಲಿ ಅಕ್ಕಾ. ನಾಳೆ ಹಾಕಿದ್ರಾತು."

"ನಾಳೆ ಯಾಕ?" ಅಂತ ಅಕ್ಕ ನನ್ನ ಮುಂದಿನ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. "ಹಿರೇಕೆರೂರಿನ ಬಸ್ಸು ಈಗ ಬರ್ತೈತಿ. ಏಳು, ಕೈ ತೊಳಕೋ."

ನಾನು ಎದ್ದು ಕೈ ತೊಳೆದುಕೊಂಡೆ.